ಮೇವಿನ ಮಡಿಗೆ ನುಗ್ಗುವ ಹುಲ್ಲು: ಒಂದು ಹಳೆಯ ತಕರಾರಿನ ಸಮೀಕ್ಷೆ

ಚೆನ್ನೈನ ಸೌಕಾರ್‌ಪೇಟೆಯಲ್ಲಿ ಹೊಲವಿಲ್ಲ. ಮಿಂಟ್ ಸ್ಟ್ರೀಟ್ ಮತ್ತು ಅದಕ್ಕೆ ಬಂದು ಕೂಡುವ ಗಲ್ಲಿಗಳಲ್ಲಿ ಅಂಗಡಿಗೆ ಅಂಗಡಿ ಒತ್ತಿಕೊಂಡು ನಿಂತಿವೆ. ಆದರೂ ಹಸುವಿಗೆ ಒಂದು ಕಟ್ಟು ಹಸಿರು ತಿನ್ನಿಸುವುದು ಪುಣ್ಯದ ಕೆಲಸ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ತಲೆಮಾರುಗಳ ಹಿಂದೆ ರಾಜಸ್ಥಾನ, ಗುಜರಾತುಗಳಿಂದ ಬಂದು ನೆಲೆಸಿದ ವರ್ತಕ ಮನೆತನಗಳು ಗೋಶಾಲೆ, ಪಾಂಜರಪೋಳಗಳಿಗೆ ಕೈ ಬಿಚ್ಚಿ ಕೊಡುತ್ತವೆ. ಅಮಾವಾಸ್ಯೆ ಬಂತೆಂದರೆ ಚೆನ್ನೈನ ಬೀದಿಗಳಲ್ಲಿ ಹಸುವಿಗೆಂದೇ ಅಗಸೆ ಮರದ ಸೊಪ್ಪಿನ ಕಟ್ಟುಗಳು ಮಾರಾಟಕ್ಕೆ ಬರುತ್ತವೆ. ಕೊಳ್ಳುವವರ ಲೆಕ್ಕದಲ್ಲಿ ಸೊಪ್ಪಿನ ಕಟ್ಟು ಬೇರೆ, ಹುಲ್ಲಿನ ಕಟ್ಟು ಬೇರೆ. ಸೊಪ್ಪಿನ ಕಟ್ಟಿನೊಳಗೆ ಹುಲ್ಲು ಬೆರೆತಿದ್ದರೆ ಅದು ಕಲಬೆರಕೆ.

ಬೆಳೆದವರ ಮಡಿಯಲ್ಲಿ ಈ ಎರಡನ್ನು ಬೇರೆ ಇಡುವುದು ಇಷ್ಟು ಸುಲಭವಲ್ಲ. ಕುದುರೆ ಮೆಂತೆ, ಬರ್ಸೀಮ್, ಬಿಳಿ ಕ್ಲೋವರ್, ಅಲಸಂದೆ, ಯಾವ ದ್ವಿದಳ ಮೇವನ್ನು ಬಿತ್ತಿದರೂ ಕೆಲವೇ ವಾರಗಳಲ್ಲಿ ಗರಿಕೆ, ಕಾಡುರಾಗಿ, ಸಾವೆ ಹುಲ್ಲು ಮತ್ತು ಹುಲ್ಲಿನಂತೆಯೇ ಕಾಣುವ ಜೇಕು ಎದ್ದು ಬರುತ್ತವೆ. ಅವನ್ನು ಕಿತ್ತು ಎಸೆಯಬೇಕೆ, ಔಷಧಿ ಹೊಡೆದು ಒಣಗಿಸಬೇಕೆ, ಕೊಯ್ದು ಮೇವಿನ ಜೊತೆಗೇ ಹಾಕಬೇಕೆ? ನೂರು ವರ್ಷಕ್ಕೂ ಹಳೆಯದಾದ ಈ ತಕರಾರಿನಲ್ಲಿ ಯಾರು ಏನು ಹೇಳಿದ್ದಾರೆ, ಯಾರ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಒಂದೆಡೆ ಹರವಿಡುವುದು ಈ ಲೇಖನದ ಉದ್ದೇಶ.

ಕಾವಲಿನಿಂದ ಮಡಿಗೆ

ಕನ್ನಡ ನಾಡಿನಲ್ಲಿ ದನ ಸಾಕಣೆ ಬಹುಕಾಲ ನಿಂತದ್ದು ಬಿತ್ತಿದ ಮೇವಿನ ಮೇಲಲ್ಲ, ತಾನಾಗಿ ಬೆಳೆದ ಹುಲ್ಲಿನ ಮೇಲೆ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಇಲಾಖೆಯ ಕಾವಲುಗಳು ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ ಸೀಮೆಗಳಲ್ಲಿ ಹರಡಿದ್ದವು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಹಂಚಿಕೊಂಡು ಮಂದೆಯನ್ನು ಹೊಡೆದೊಯ್ಯುತ್ತಿದ್ದರು. ಅಲ್ಲಿ ಕಳೆ ಎಂಬ ಮಾತಿಗೆ ಹೆಚ್ಚು ಜಾಗವಿರಲಿಲ್ಲ. ಯಾವ ಹುಲ್ಲು ಯಾವ ತಿಂಗಳಲ್ಲಿ ಎಳೆಯದು, ಯಾವಾಗ ಮಂದೆಯನ್ನು ಎಬ್ಬಿಸಿ ನೆಲಕ್ಕೆ ಬಿಡುವು ಕೊಡಬೇಕು ಎಂಬುದೇ ದನಗಾಹಿಗಳ ವಿದ್ಯೆಯಾಗಿತ್ತು.

ಬಿತ್ತಿದ ದ್ವಿದಳ ಮೇವು ಈ ಕಡೆ ಬಲಗೊಂಡದ್ದು ಬ್ರಿಟಿಷರ ದಂಡಿನ ಕುದುರೆಗಳಿಂದ. 1809ರಲ್ಲಿ ನೆಲೆಗೊಂಡ ಬೆಂಗಳೂರಿನ ದಂಡು ಪ್ರದೇಶದಂಥ ಕಡೆ ಲಾಯಗಳಿಗೆ ವರ್ಷವಿಡೀ ಹಸಿರು ಬೇಕಿತ್ತು. ಒಮ್ಮೆ ಬಿತ್ತಿದರೆ ಮೂರು ನಾಲ್ಕು ವರ್ಷ ನಿಂತು ಮತ್ತೆ ಮತ್ತೆ ಕಟಾವಿಗೆ ಬರುವ ಕುದುರೆ ಮೆಂತೆ ಆ ಕೊರತೆಯನ್ನು ತುಂಬಿತು. ಕ್ಲೋವರ್ ಕುಲದ ಬರ್ಸೀಮ್ 20ನೇ ಶತಮಾನದ ಮೊದಲ ದಶಕದಲ್ಲಿ ಈಜಿಪ್ಟಿನಿಂದ ಸಿಂಧ್ ಪ್ರಾಂತಕ್ಕೆ ಬಂದು, ಅಲ್ಲಿಂದ ಪಂಜಾಬ್, ಉತ್ತರ ಪ್ರದೇಶಗಳ ಚಳಿಗಾಲದ ಮೇವಾಯಿತು. ದಕ್ಷಿಣದ ಸೆಕೆಗೆ ಅದು ಒಗ್ಗಲಿಲ್ಲ. ಬಿಳಿ ಕ್ಲೋವರ್ ಮಾತ್ರ ನೀಲಗಿರಿಯ ತಂಪಿನಲ್ಲಿ ಬೇರೂರಿತು. ಊಟಿಯ ಬಳಿ ಸ್ಯಾಂಡಿನಲ್ಲಾದ ಕುರಿ ಸಂಶೋಧನಾ ಕೇಂದ್ರದ ಗೋಮಾಳದಲ್ಲಿ ಅದು ಪೂರ್ವ ಆಫ್ರಿಕಾದ ಕಿಕುಯು ಹುಲ್ಲಿನ ಜೊತೆ ಬೆಳೆಯುತ್ತದೆ. ಬೆಳೆಯುತ್ತದೆ ಎನ್ನುವುದಕ್ಕಿಂತ ಹೆಣಗುತ್ತದೆ ಎಂದರೆ ಸರಿ. ಮೇಯಿಸದೆ ಬಿಟ್ಟರೆ ಕಿಕುಯು ಎತ್ತರಕ್ಕೆ ಹೆಣೆದುಕೊಂಡು ಕ್ಲೋವರನ್ನು ನೆರಳಿನಲ್ಲಿ ಹೂತುಬಿಡುತ್ತದೆ.

1970ರಲ್ಲಿ ಕ್ಷೀರ ಕ್ರಾಂತಿ ಶುರುವಾಗಿ, ಮಿಶ್ರತಳಿ ಹಸುಗಳು ಕೋಲಾರ, ಮಂಡ್ಯ, ಹಾಸನಗಳ ಕೊಟ್ಟಿಗೆಗೆ ಬಂದ ಮೇಲೆ ದ್ವಿದಳ ಮೇವು ಸಣ್ಣ ರೈತನ ಮಡಿಗೂ ಇಳಿಯಿತು. ಹತ್ತು ಗುಂಟೆ ಕುದುರೆ ಮೆಂತೆ, ಬದುವಿನ ಉದ್ದಕ್ಕೂ ನೇಪಿಯರ್ ಹುಲ್ಲು, ಇದೇ ಈಗಿನ ಮಾದರಿ. ಮಡಿ ಚಿಕ್ಕದಾದಷ್ಟೂ ಒಂದೊಂದು ಮೊಳ ನೆಲಕ್ಕೂ ಲೆಕ್ಕ ಬಂತು, ಹುಲ್ಲಿನ ಮೇಲೆ ಸಿಟ್ಟೂ ಬಂತು. ಅಮೆರಿಕದಲ್ಲಿ ಬೇಟೆಗಾರರು ಜಿಂಕೆಗಳಿಗಾಗಿ ಕ್ಲೋವರ್ ಮಡಿ ಮಾಡುತ್ತಾರೆ. ಅಲ್ಲೂ ಪ್ರಶ್ನೆ ಇದೇ, ಆದರೆ ಅದು ಹವ್ಯಾಸದ ಖರ್ಚು. ನಮ್ಮಲ್ಲಿ ಸೋತರೆ ಹೋಗುವುದು ಹಾಲಿನ ದುಡ್ಡು.

ಹುಲ್ಲು ಮುಂದಾಗುವುದೇಕೆ

ಈ ತಕರಾರಿನಲ್ಲಿರುವ ನಾಲ್ಕು ಪಂಥಗಳ ಮಾತಿಗೆ ಹೋಗುವ ಮೊದಲು ನೆಲದಲ್ಲಿ ನಡೆಯುವುದನ್ನು ನೋಡಬೇಕು. ಕುದುರೆ ಮೆಂತೆಯ ಬೀಜ ಬಹಳ ಸಣ್ಣದು, ಸಾವಿರ ಕಾಳಿನ ತೂಕ ಸುಮಾರು ಎರಡು ಗ್ರಾಂ. ಅಷ್ಟು ಚಿಕ್ಕ ಗಂಟಿನೊಂದಿಗೆ ಹುಟ್ಟುವ ಸಸಿ ಮೊದಲ ಒಂದೂವರೆ ತಿಂಗಳು ಬೇರಿನ ಕೆಲಸದಲ್ಲೇ ಮುಳುಗಿರುತ್ತದೆ, ಮೇಲೆ ಹರಡುವುದಿಲ್ಲ. ಮೊದಲ ಕಟಾವಿಗೆ ಎರಡರಿಂದ ಎರಡೂವರೆ ತಿಂಗಳು ಬೇಕು. ಸಾಲುಗಳ ನಡುವಿನ ನೆಲಕ್ಕೆ ಅಷ್ಟು ದಿನ ಬಿಸಿಲು ಬೀಳುತ್ತಲೇ ಇರುತ್ತದೆ. ಗರಿಕೆಗೆ ಬೇಕಾದದ್ದೂ ಅದೇ.

ಇನ್ನೊಂದು ಕಾರಣ ಹೆಚ್ಚು ಆಳದ್ದು. ಗರಿಕೆ, ಕಾಡುರಾಗಿ, ಜೇಕುಗಳು ಬಿಸಿಲು ಏರಿದಂತೆ ಚುರುಕಾಗುವ ಸಿ-4 ಗುಂಪಿನ ಸಸ್ಯಗಳು. ಕುದುರೆ ಮೆಂತೆ ಮತ್ತು ಕ್ಲೋವರ್‌ಗಳು ತಂಪಿನಲ್ಲಿ ಚೆನ್ನಾಗಿ ಬೆಳೆಯುವ ಸಿ-3 ಗುಂಪಿನವು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಮೆಂತೆಯದೇ ಮೇಲುಗೈ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕಟ್ಟುವುದು ನಾವು ಮೆಂತೆಗೆ, ಅದರ ಲಾಭವನ್ನು ಹೆಚ್ಚಾಗಿ ಎತ್ತಿಕೊಳ್ಳುವುದು ಗರಿಕೆ. ಗರಿಕೆಯ ಒಂದು ದೌರ್ಬಲ್ಯ ಎಂದರೆ ನೆರಳನ್ನು ಅದು ತಾಳುವುದಿಲ್ಲ. ಮುಂದೆ ಬರುವ ಉಪಾಯಗಳಲ್ಲಿ ಬಹುಪಾಲು ಈ ಒಂದು ದೌರ್ಬಲ್ಯವನ್ನೇ ಹಿಡಿದು ಹೊರಟವು.

ನೇಗಿಲು, ಬಿಸಿಲು, ಕುಡುಗೋಲು

ಮೊದಲ ಪಂಥದವರ ಮಾತು: ಹುಲ್ಲಿನ ಜೊತೆಗಿನ ಲಡಾಯಿ ಬಿತ್ತನೆಗೆ ಮುಂಚೆಯೇ ಮುಗಿಯಬೇಕು. ಮಾಗಿ ಉಳುಮೆ ಮಾಡಿ ಗರಿಕೆಯ ಬೇರು, ಜೇಕಿನ ಗೆಡ್ಡೆಗಳನ್ನು ಮೇಲೆ ತಂದು ಬೇಸಿಗೆಯ ಬಿಸಿಲಿಗೆ ಒಣಗಿಸುವುದು, ಆಮೇಲೆ ಕುಂಟೆ ಹೊಡೆದು ಆರಿಸಿ ತೆಗೆಯುವುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ಕೆಲಸ. ಇದರ ಮುಂದುವರಿಕೆಯೇ ಹುಸಿ ಬಿತ್ತನೆ. ಮಡಿ ಹದ ಮಾಡಿ ನೀರು ಕಟ್ಟಿ, ಬೀಜ ಹಾಕದೆ ಎರಡು ವಾರ ಬಿಟ್ಟು, ಹುಟ್ಟಿದ ಕಳೆಯನ್ನು ಮೇಲುಮೇಲೆ ಕೆರೆದು, ಆಮೇಲೆ ನಿಜವಾಗಿ ಬಿತ್ತುವುದು. ಇಸ್ರೇಲಿನಲ್ಲಿ ಕಾಟನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಮಣ್ಣಿನ ಸೌರೀಕರಣದ ವಿಧಾನವೂ ಈ ಸಾಲಿನದೇ. ಒದ್ದೆ ಮಾಡಿದ ನೆಲದ ಮೇಲೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಟ್ಟರೆ ಮೇಲ್ಮಣ್ಣಿನ ರೋಗಾಣುಗಳೂ ಅನೇಕ ಕಳೆಬೀಜಗಳೂ ಸಾಯುತ್ತವೆ. ಆಳದಲ್ಲಿರುವ ಜೇಕಿನ ಗೆಡ್ಡೆಗೆ ಮಾತ್ರ ಆ ಬಿಸಿ ಮುಟ್ಟುವುದಿಲ್ಲ.

ಬೀಜದ ಶುದ್ಧತೆಯ ಮಾತು ಇಲ್ಲೇ ಬರುತ್ತದೆ. ಉತ್ತರ ಭಾರತದ ರೈತರು ಬರ್ಸೀಮ್ ಬೀಜವನ್ನು ಉಪ್ಪುನೀರಿಗೆ ಸುರಿಯುತ್ತಾರೆ. ಹಗುರವಾದ ಕಾಸನಿ ಕಳೆಯ ಬೀಜ ತೇಲುತ್ತದೆ, ಬರ್ಸೀಮ್ ಮುಳುಗುತ್ತದೆ. ಕುದುರೆ ಮೆಂತೆಯ ದೊಡ್ಡ ಶತ್ರು ಹುಲ್ಲಲ್ಲದ ಆಕಾಶಬಳ್ಳಿ. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದಲೇ ಬೀಜ ದೃಢೀಕರಣದ ನಿಯಮಗಳಲ್ಲಿ ಅದನ್ನು ಆಕ್ಷೇಪಾರ್ಹ ಕಳೆ ಎಂದು ಹೆಸರಿಸಲಾಗಿದೆ. ಅರೆಕೊಳೆತ ಕೊಟ್ಟಿಗೆ ಗೊಬ್ಬರ ಹುಲ್ಲಿನ ಬೀಜಕ್ಕೆ ಇನ್ನೊಂದು ಹೆಬ್ಬಾಗಿಲು. ದನದ ಹೊಟ್ಟೆಯನ್ನು ದಾಟಿ ಬಂದ ಗಟ್ಟಿ ಬೀಜಗಳು ತಿಪ್ಪೆಯ ಕಾವು ಚೆನ್ನಾಗಿ ಏರದಿದ್ದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುವುದಿಲ್ಲ.

ಇದೇ ಪಂಥದ ಇನ್ನೊಂದು ಕವಲು ಕುಡುಗೋಲನ್ನು ನಂಬುತ್ತದೆ. ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ಬಿಳಿ ಕ್ಲೋವರ್ ನೆಲದ ಮೇಲೆ ತೆವಳುವ ಗಿಡ, ಅದರ ಕುಡಿ ಮಣ್ಣಿಗೆ ಅಂಟಿಕೊಂಡಿರುತ್ತದೆ. ಅದನ್ನು ಗಿಡ್ಡಗೆ, ಆಗಾಗ ಕತ್ತರಿಸಿದರೆ ಅಥವಾ ಮೇಯಿಸಿದರೆ ಎತ್ತರದ ಹುಲ್ಲು ಕುಗ್ಗಿ ಕ್ಲೋವರ್ ಹಿಗ್ಗುತ್ತದೆ. ಕುದುರೆ ಮೆಂತೆ ಹಾಗಲ್ಲ. ಪ್ರತಿ ಕಟಾವಿನ ನಂತರ ಅದು ಬೇರಿನ ತಲೆಯಲ್ಲಿ ಕೂಡಿಟ್ಟ ಸಕ್ಕರೆಯಿಂದ ಮತ್ತೆ ಚಿಗುರಬೇಕು. ಗಂಟು ತುಂಬುವ ಮೊದಲೇ, ಇಪ್ಪತ್ತು ದಿನಕ್ಕೊಮ್ಮೆ ಕೊಯ್ಯುತ್ತ ಹೋದರೆ ಗಿಡ ಸೊರಗಿ ಜಾಗ ಖಾಲಿಯಾಗುತ್ತದೆ, ಗರಿಕೆಗೆ ಬಾಗಿಲು ತೆರೆಯುತ್ತದೆ. ಹತ್ತರಲ್ಲೊಂದು ಗಿಡ ಹೂಬಿಟ್ಟಾಗ ಕೊಯ್ಯಿ ಎಂಬ ಹಳೆಯ ಸೂತ್ರದ ಹಿಂದೆ ಇರುವುದು ಈ ಲೆಕ್ಕ. ಮೆಂತೆ ಮಡಿ ಎರಡನೇ ವರ್ಷಕ್ಕೇ ಹುಲ್ಲಾಯಿತು ಎಂಬ ದೂರಿನ ಹಿಂದೆ ಬಹುಸಲ ಇರುವುದು ಅವಸರದ ಕಟಾವು, ಹುಲ್ಲಿನ ಪರಾಕ್ರಮವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಔಷಧಿಯ ದಾರಿ

ಎರಡನೆಯ ಪಂಥ ರಸಾಯನಶಾಸ್ತ್ರದ್ದು. ಇದರ ಬೆನ್ನಿಗೆ ಒಂದು ಸೊಗಸಾದ ಜೈವಿಕ ಸತ್ಯವಿದೆ. ಕ್ವಿಜಾಲೋಫಾಪ್, ಫ್ಲುಅಜಿಫಾಪ್, ಕ್ಲೆಥೋಡಿಮ್ ಮುಂತಾದ 'ಫಾಪ್' ಮತ್ತು 'ಡಿಮ್' ಗುಂಪಿನ ಕಳೆನಾಶಕಗಳು ಸಸ್ಯದಲ್ಲಿ ಕೊಬ್ಬಿನಾಮ್ಲ ಕಟ್ಟುವ ಒಂದು ಕಿಣ್ವವನ್ನು ತಡೆಯುತ್ತವೆ. ಹುಲ್ಲುಗಳ ಹರಿತ್ತಿನ ಕಣದಲ್ಲಿರುವ ಆ ಕಿಣ್ವದ ರಚನೆ ಬೇರೆ, ಅಗಲ ಎಲೆಯ ದ್ವಿದಳ ಗಿಡಗಳಲ್ಲಿ ಅದೇ ಕಿಣ್ವದ ರಚನೆ ಬೇರೆ. ಹಾಗಾಗಿ ಒಂದೇ ಸಿಂಪಡಣೆಯಲ್ಲಿ ಹುಲ್ಲಿನ ಸುಳಿ ಕೊಳೆಯುತ್ತದೆ, ಕ್ಲೋವರ್ ಹಸಿರಾಗಿಯೇ ಇರುತ್ತದೆ. ಅಮೆರಿಕದ ಕ್ಲೋವರ್ ಮಡಿಗಳಲ್ಲಿ ಕ್ಲೆಥೋಡಿಮ್ ಜನಪ್ರಿಯವಾದದ್ದು ಇದರಿಂದ. ಆದರೆ ಜೇಕು ಹುಲ್ಲಿನ ಕುಲದ್ದಲ್ಲ, ಈ ಔಷಧಿಗಳಿಗೆ ಅದು ಬಗ್ಗುವುದಿಲ್ಲ. ಹುಲ್ಲು ಸತ್ತ ಜಾಗದಲ್ಲಿ ಜೇಕು ಇನ್ನಷ್ಟು ಹರಡಿಕೊಳ್ಳಲೂಬಹುದು. ಬೇರೆ ಬಗೆಯ ಇಮಾಜೆಥಾಪೈರ್ ಅಗಲ ಎಲೆಯ ಕೆಲವು ಕಳೆಗಳನ್ನೂ ಹಿಡಿಯುತ್ತದೆ. ಆದರೆ ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಗೆ ತೊಂದರೆ ಕೊಡಬಲ್ಲದು.

ಈ ದಾರಿಗೆ ಮೂರು ಅಡ್ಡಿಗಳಿವೆ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನಮ್ಮಲ್ಲಿ ಔಷಧಿಗೆ ಅನುಮತಿ ಸಿಗುವುದು ಬೆಳೆವಾರು. ಹುಲ್ಲು ಕೊಲ್ಲುವ ಈ ಔಷಧಿಗಳ ಚೀಟಿಯಲ್ಲಿ ಮುಖ್ಯವಾಗಿ ಕಾಣುವುದು ಸೋಯಾಬೀನ್, ಶೇಂಗಾ, ಉದ್ದು, ಹತ್ತಿ, ಈರುಳ್ಳಿ. ಕಾಳಿಗಾಗಿ ಬೆಳೆದ ಗಿಡಕ್ಕೂ, ಹದಿನೈದು ದಿನ ಕಳೆದ ಕೂಡಲೇ ಎಲೆ ಕಾಂಡ ಸಮೇತ ಹಸುವಿನ ಬಾಯಿಗೆ ಹೋಗುವ ಗಿಡಕ್ಕೂ ಒಂದೇ ಲೆಕ್ಕ ಹಾಕಲಾಗದು. ಎರಡನೆಯ ಅಡ್ಡಿ, ನಿರೋಧಕ ಶಕ್ತಿ. ಹರಿಯಾಣದ ಗೋಧಿ ಹೊಲಗಳಲ್ಲಿ ಗುಲ್ಲಿದಂಡ ಎಂಬ ಹುಲ್ಲು 1990ರ ದಶಕದ ಮೊದಲ ಭಾಗದಲ್ಲೇ ಐಸೊಪ್ರೊಟುರಾನ್‌ಗೆ ಸಾಯುವುದನ್ನು ನಿಲ್ಲಿಸಿತು, ಆಮೇಲೆ ಬಂದ ಔಷಧಿಗಳಿಗೂ ಒಂದೊಂದಾಗಿ ಒಗ್ಗಿಕೊಂಡಿತು. ಆಗ ತಜ್ಞರು ಸೂಚಿಸಿದ ಉಪಾಯಗಳಲ್ಲಿ ಒಂದು, ಗೋಧಿ ಬಿಟ್ಟು ಬರ್ಸೀಮ್ ಬಿತ್ತುವುದು. ಪದೇ ಪದೇ ಕೊಯ್ಯುವುದರಿಂದ ಗುಲ್ಲಿದಂಡಕ್ಕೆ ಬೀಜ ಕಟ್ಟಲು ಸಮಯವೇ ಸಿಗುವುದಿಲ್ಲ. ಒಂದು ಕಡೆ ಕ್ಲೋವರನ್ನು ಹುಲ್ಲಿನಿಂದ ಕಾಪಾಡುವ ಚಿಂತೆ, ಇನ್ನೊಂದು ಕಡೆ ಹುಲ್ಲಿನಿಂದ ಹೊಲವನ್ನು ಕಾಪಾಡಲು ಕ್ಲೋವರ್! ಮೂರನೆಯದು ಕಾನೂನಿನ ಬಿಗಿ. ಬಿತ್ತನೆಗೆ ಮುಂಚೆ ಗರಿಕೆ, ಜೇಕುಗಳನ್ನು ಬೇರುಸಹಿತ ಒಣಗಿಸುತ್ತಿದ್ದ ಗ್ಲೈಫೋಸೇಟನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಗೊಬ್ಬರದ ತಕ್ಕಡಿ

ಮೂರನೆಯ ಪಂಥಕ್ಕೆ ಪ್ರಚಾರ ಕಡಿಮೆ, ಸಾಕ್ಷಿ ಮಾತ್ರ ಬಹಳ ಹಳೆಯದು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ 1856ರಲ್ಲಿ ಒಂದು ಹುಲ್ಲುಗಾವಲನ್ನು ಮಡಿಗಳಾಗಿ ಹಂಚಿ ಬೇರೆ ಬೇರೆ ಗೊಬ್ಬರ ಹಾಕತೊಡಗಿದರು. ಆ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಅಮೋನಿಯಂ ರೂಪದ ಸಾರಜನಕ ಬಿದ್ದ ಮಡಿಗಳಲ್ಲಿ ಕೆಲವೇ ಬಗೆಯ ಹುಲ್ಲು ಆಳಿದವು. ಸಾರಜನಕವಿಲ್ಲದೆ ರಂಜಕ, ಪೊಟ್ಯಾಷ್ ಮಾತ್ರ ಬಿದ್ದ ಮಡಿಗಳಲ್ಲಿ ಕ್ಲೋವರ್ ಮತ್ತಿತರ ದ್ವಿದಳಗಳು ಹುಲುಸಾದವು. ಬಿತ್ತಿದವರು ಯಾರೂ ಇಲ್ಲ, ಕಿತ್ತವರೂ ಇಲ್ಲ. ಬರೀ ಗೊಬ್ಬರ ಬದಲಾದದ್ದಕ್ಕೆ ಗಿಡಗಳ ಕುಲವೇ ಬದಲಾಯಿತು.

ಕಾರಣ ಸರಳ. ದ್ವಿದಳಗಳು ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳುತ್ತವೆ, ಹುಲ್ಲಿಗೆ ಆ ಸೌಕರ್ಯವಿಲ್ಲ. ನಾವು ಯೂರಿಯಾ ಎರಚಿದರೆ ಉಣಿಸುವುದು ಹುಲ್ಲಿಗೆ. ಪೊಟ್ಯಾಷ್ ವಿಷಯದಲ್ಲಿ ಕತೆ ತಿರುಗುಮುರುಗು. ಹುಲ್ಲಿನ ನವಿರಾದ ದಟ್ಟ ಬೇರುಗಳು ಅದನ್ನು ಮೊದಲು ಹೀರಿಬಿಡುತ್ತವೆ, ಕೊರತೆಯಾದಾಗ ದ್ವಿದಳ ಮೊದಲು ಸೋಲುತ್ತದೆ. ಹಾಲು ಹೆಚ್ಚಲೆಂದು ಪ್ರತಿ ಕಟಾವಿಗೂ ಮೆಂತೆ ಮಡಿಗೆ ಯೂರಿಯಾ ಹಾಕುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಕಾಣುತ್ತದೆ. ಅದನ್ನು ಬಿಟ್ಟು ರಂಜಕ, ಪೊಟ್ಯಾಷ್ ಕೊಟ್ಟು, ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತುವುದು ಯಾವ ಔಷಧಿಗಿಂತಲೂ ಅಗ್ಗದ ಕಳೆ ನಿಯಂತ್ರಣ. ಈ ಪಂಥ ವಿವರಿಸಲಾರದ್ದೂ ಒಂದಿದೆ: ಸೆಕೆನಾಡಿನಲ್ಲಿ, ನೀರಾವರಿಯ ಮಡಿಯಲ್ಲಿ, ಒಂದು ಚಿಟಿಕೆ ಸಾರಜನಕ ಹಾಕದಿದ್ದರೂ ಮೇ ತಿಂಗಳ ಗರಿಕೆ ಏಕೆ ಅಷ್ಟು ಬಲವಾಗುತ್ತದೆ? ಅಲ್ಲಿ ಗೊಬ್ಬರಕ್ಕಿಂತ ಬಿಸಿಲಿನ ಮಾತೇ ದೊಡ್ಡದು.

ಹುಲ್ಲನ್ನು ಕರೆದು ಕೂರಿಸುವವರು

ನಾಲ್ಕನೆಯ ಪಂಥ ಪ್ರಶ್ನೆಯನ್ನೇ ಬದಲಿಸುತ್ತದೆ. ಹುಲ್ಲು ಬೇಡ ಎಂದವರು ಯಾರು? ಹಸುವಂತೂ ಹೇಳಿಲ್ಲ. ಎಳೆಯ ಕುದುರೆ ಮೆಂತೆ ಅಥವಾ ಬರ್ಸೀಮನ್ನು ಮಾತ್ರ ಹಸಿದ ಹಸುವಿಗೆ ಹೊಟ್ಟೆ ತುಂಬ ಹಾಕಿದರೆ ಹೊಟ್ಟೆ ಉಬ್ಬರ ಬರುತ್ತದೆ. ಅದು ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಒಣಹುಲ್ಲನ್ನೋ ಹಸಿಹುಲ್ಲನ್ನೋ ಬೆರೆಸಿ ಹಾಕಿ ಎಂದು ಪಶುವೈದ್ಯರು ಹೇಳುವುದು ಈ ಕಾರಣಕ್ಕೆ. ಒಣ ತೂಕದಲ್ಲಿ ಕುದುರೆ ಮೆಂತೆಯ ಸಸಾರಜನಕ ಸುಮಾರು ನೂರಕ್ಕೆ 18ರಿಂದ 20, ನೇಪಿಯರ್‌ನದು ಅದರ ಅರ್ಧದ ಆಸುಪಾಸು. ಎರಡೂ ಕೂಡಿದರೆ ಹಿಂಡಿಯ ಖರ್ಚು ತಗ್ಗುತ್ತದೆ, ನಾರೂ ಸಿಗುತ್ತದೆ. ಇಂಗ್ಲೆಂಡ್, ನ್ಯೂಜಿಲೆಂಡ್‌ಗಳ ಹುಲ್ಲುಗಾವಲು ತಜ್ಞರು ಮೇವಿನಲ್ಲಿ ಕ್ಲೋವರ್ ಪಾಲು ಮೂರನೇ ಒಂದರ ಸುತ್ತಮುತ್ತ ಇದ್ದರೆ ಸಾಕೆನ್ನುತ್ತಾರೆ. ಉಳಿದದ್ದು ಅವರ ಲೆಕ್ಕದಲ್ಲಿ ಹುಲ್ಲೇ. ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರ, ಮಂಡ್ಯದ ವಿ.ಸಿ. ಫಾರ್ಮ್‌ಗಳಲ್ಲೂ ಏಕದಳ ಮತ್ತು ದ್ವಿದಳ ಮೇವನ್ನು ಜೊತೆಗೂಡಿಸುವ ಕೆಲಸ ನಡೆದಿದೆ.

ಹುಲ್ಲಿನ ಜಾಗಕ್ಕೆ ನಮಗೆ ಬೇಕಾದ ಗಿಡವನ್ನು ಮೊದಲೇ ಕೂರಿಸುವುದು ಇದೇ ವಿಚಾರದ ಮುಂದಿನ ಹೆಜ್ಜೆ. ಪಂಜಾಬಿನಲ್ಲಿ ಪೋವಾ ಹುಲ್ಲಿನ ಕಾಟವಿರುವ ಕಡೆ ಬರ್ಸೀಮ್ ಜೊತೆ ಸಾಸಿವೆ ಕುಲದ ರಾಯಾ ಬಿತ್ತುತ್ತಾರೆ, ಹಲವೆಡೆ ಓಟ್ಸ್. ಬೇಗ ಬೆಳೆದು ನೆಲಕ್ಕೆ ನೆರಳು ಕೊಟ್ಟು, ಮೊದಲ ಕಟಾವಿನಲ್ಲೇ ತಾವೂ ಮೇವಾಗಿ ಹೋಗುತ್ತವೆ.

ಇಷ್ಟೆಲ್ಲ ಒಪ್ಪಿದರೂ, ಬಿತ್ತಿದ ನೇಪಿಯರ್ ಅಥವಾ ಓಟ್ಸ್‌ಗೂ ತಾನಾಗಿ ನುಗ್ಗಿದ ಗರಿಕೆಗೂ ವ್ಯತ್ಯಾಸವಿದೆ. ಗರಿಕೆ ಒಳ್ಳೆಯ ಮೇವು, ದನಗಳಿಗೆ ಇಷ್ಟ, ಬದುವಿನ ಮಣ್ಣು ಹಿಡಿಯುವುದರಲ್ಲಿ ಅದಕ್ಕೆ ಸಮನಿಲ್ಲ, ಗಣಪತಿಗೂ ಅದೇ ಬೇಕು. ಆದರೆ ಅದು ಮೂರನೇ ಒಂದು ಪಾಲಿಗೆ ನಿಲ್ಲುವುದಿಲ್ಲ. ನಾಲ್ಕನೆಯ ಪಂಥದವರು ಇದನ್ನು ಹಗುರವಾಗಿ ತೆಗೆದುಕೊಂಡಿದ್ದಾರೆ.

ಕಳೆ ಕೀಳುವ ಕೈಗಳು

ತಜ್ಞರ ಪಟ್ಟಿಯಲ್ಲಿ ಕೈಕಳೆ ಒಂದು ಸಾಲಿನ ಬಾಬತ್ತು: ಇಷ್ಟು ಆಳು, ಇಷ್ಟು ಕೂಲಿ. ಹೊಲದಲ್ಲಿ ಅದು ಹೆಂಗಸರ ಕೆಲಸ. ಸಾಲುಬಿತ್ತನೆ ಇದ್ದರೆ ಎಡೆಕುಂಟೆ ಹೊಡೆಯಬಹುದು. ಎರಚಿ ಬಿತ್ತಿದ ಮಡಿಯಲ್ಲಿ ಕೂತೇ ಕೀಳಬೇಕು. ನಮ್ಮ ಹಳ್ಳಿಗಳಲ್ಲಿ ಕಳೆ ತೆಗೆಯುವ ಹೆಂಗಸರು ಸಂಜೆ ಕಿತ್ತ ಹುಲ್ಲನ್ನು ಕಟ್ಟಿಕೊಂಡು ತಮ್ಮ ಮನೆಯ ಹಸುವಿಗೋ ಮೇಕೆಗೋ ಒಯ್ಯುತ್ತಾರೆ. ಭೂಮಿಯಿಲ್ಲದ ಮನೆಯಲ್ಲಿ ಒಂದು ಹಸು ಬದುಕುವುದು ಬಹುಮಟ್ಟಿಗೆ ಈ ಹೊರೆಯಿಂದ. ಹೊಲದ ಯಜಮಾನನಿಗೆ ಕಳೆಯಾದದ್ದು ಕೂಲಿಯವಳ ಮನೆಯಲ್ಲಿ ಹಾಲಾಗುತ್ತದೆ. ಔಷಧಿ ಬಿದ್ದ ದಿನದಿಂದ ಆಕೆಗೆ ಕೂಲಿಯೂ ಇಲ್ಲ, ಹೊರೆಯೂ ಇಲ್ಲ. ಕಳೆನಾಶಕದ ಲಾಭ ನಷ್ಟ ಬರೆಯುವಾಗ ಈ ಎರಡು ನಷ್ಟಗಳನ್ನು ಯಾವ ಕಾಲಂನಲ್ಲಿಯೂ ಬರೆಯದಿರುವುದು ದೊಡ್ಡ ಅನ್ಯಾಯ.

ಆಳು ಸಿಗುತ್ತಿಲ್ಲ ಎಂಬ ರೈತನ ಮಾತೂ ಸುಳ್ಳಲ್ಲ. ಬಿತ್ತಿದ ಮೂರನೇ ವಾರದಿಂದ ಆರನೇ ವಾರದೊಳಗೆ ಎರಡು ಸಲ ಕಳೆ ತೆಗೆಯದಿದ್ದರೆ ಮೆಂತೆ ಮಡಿ ಕೈಬಿಟ್ಟು ಹೋಗುತ್ತದೆ. ಅದೇ ಹೊತ್ತಿಗೆ ಊರಿನ ಉಳಿದ ಬೆಳೆಗಳಿಗೂ ಅವೇ ಕೈಗಳು ಬೇಕಿರುತ್ತವೆ.

ಇನ್ನೂ ಇತ್ಯರ್ಥವಾಗದ್ದು

ಎಷ್ಟು ಹುಲ್ಲಾದರೆ ಮಡಿ ಮುರಿದು ಹೊಸದಾಗಿ ಬಿತ್ತಬೇಕು? ತಂಪು ದೇಶಗಳ ಲೆಕ್ಕವನ್ನು ಕೋಲಾರದ ಮೇ ತಿಂಗಳಿಗೆ ಹಾಗೇ ತಂದು ಹಾಕಲಾಗದು. ಹತ್ತು ಗುಂಟೆಯ ರೈತನಿಗೆ ಮೂರನೇ ವರ್ಷದ ಅರೆಹುಲ್ಲಿನ ಮಡಿ ಲಾಭವೋ, ಮರುಬಿತ್ತನೆ ಲಾಭವೋ ಎಂಬ ವಾದ ಮುಗಿದಿಲ್ಲ. ಬೇಸಿಗೆ ಇನ್ನಷ್ಟು ಬಿಸಿಯಾದರೆ ಸಿ-4 ಹುಲ್ಲುಗಳ ಮೇಲುಗೈ ಹೆಚ್ಚುತ್ತದೆ ಎನ್ನುವವರಿದ್ದಾರೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ಸಿ-3 ಗಿಡಗಳಿಗೇ ಹೆಚ್ಚು ಅನುಕೂಲ ಎನ್ನುವವರೂ ಇದ್ದಾರೆ. ಇವೆರಡರಲ್ಲಿ ನಮ್ಮ ಮಡಿಗಳಲ್ಲಿ ಯಾವುದು ಗೆಲ್ಲುತ್ತದೆ ಎಂಬ ವಿಚಾರದಲ್ಲಿ ವಿಜ್ಞಾನಿಗಳೇ ಒಮ್ಮತಕ್ಕೆ ಬಂದಿಲ್ಲ. ಜೇಕಿಗೆ, ಬಿತ್ತಿದ ಮೆಂತೆಗೆ ಪೆಟ್ಟಾಗದಂತೆ ಪೂರ್ತಿ ಉತ್ತರ ಯಾವ ಪಂಥದಲ್ಲಿಯೂ ಇಲ್ಲ. ನಗರದಲ್ಲಿ ಶುದ್ಧ ಸೊಪ್ಪಿನ ಕಟ್ಟು ಕೇಳುವವರು ಆ ಶುದ್ಧತೆಗೆ ತಗಲುವ ಕೂಲಿಯಲ್ಲಿ ಎಷ್ಟು ಪಾಲು ಕೊಡಬೇಕು ಎಂಬುದನ್ನು ಯಾರೂ ಇನ್ನೂ ಗಟ್ಟಿಯಾಗಿ ಕೇಳಿಲ್ಲ. ಸೌಕಾರ್‌ಪೇಟೆಯಂಥ ಪೇಟೆಗಳ ದಾನಿಗಳು ಕೇಳಬಹುದಾದ ಪ್ರಶ್ನೆ ಅದು.

ಇತ್ಯರ್ಥವಾದ ಮಟ್ಟಿಗೆ ನನ್ನ ತೀರ್ಪು ಇಷ್ಟು: ಬಿತ್ತನೆಗೆ ಮುಂಚಿನ ಉಳುಮೆ, ಶುದ್ಧ ಬೀಜ, ಯೂರಿಯಾ ಇಲ್ಲದ ಗೊಬ್ಬರ, ಗಿಡದ ಹದ ನೋಡಿ ಕಟಾವು, ಈ ನಾಲ್ಕನ್ನು ಪಾಲಿಸಿದ ಮಡಿಗೆ ಔಷಧಿ ಬೇಕಾಗುವುದು ಅಪರೂಪ, ಪಾಲಿಸದ ಮಡಿಯನ್ನು ಔಷಧಿ ಬಹುಕಾಲ ಉಳಿಸುವುದಿಲ್ಲ. ಹೊಡೆಯಲೇಬೇಕಾದರೆ ಚೀಟಿಯಲ್ಲಿ ನಿಮ್ಮ ಮೇವಿನ ಬೆಳೆಯ ಹೆಸರಿದೆಯೇ, ಎಷ್ಟು ದಿನ ದನಕ್ಕೆ ಹಾಕಬಾರದೆಂದು ಬರೆದಿದೆಯೇ ನೋಡಿ. ಮುಂದಿನ ಸಲ ಕುದುರೆ ಮೆಂತೆ ಬೀಜ ಕೊಳ್ಳುವಾಗ ದೃಢೀಕೃತ ಬೀಜದ ನೀಲಿ ಚೀಟಿ ಕೇಳಿ ತೆಗೆದುಕೊಳ್ಳಿ.